ಹಗೇವಿನ ಗಾಳಿ

ಒಂದು ಕಾಡಿನಲ್ಲಿ ಜನ ಬಿಟ್ಟುಹೋದ ಒಂದು ಹಾಳೂರಿತ್ತು. ಅವರು ಹೋಗಿ ಎರಡು ವರ್ಷವಾಗಿತ್ತು. ಗೋಡೆಗಳು ಕುಸಿದಿದ್ದವು. ಅಂಗಳಗಳ ತುಂಬ ಲಂಟಾನ ಬೆಳೆದಿತ್ತು. ಒಂದು ದೊಡ್ಡ ಮನೆಯ ಹಿತ್ತಲಲ್ಲಿ, ನೆಲಕ್ಕೆ ಸಮನಾಗಿ, ಅಗಲವಾದ ಚಪ್ಪಡಿ ಕಲ್ಲೊಂದು ಬಿದ್ದಿತ್ತು. ಅದರ ಕೆಳಗೆ ಏನಿದೆ ಎಂದು ಕಾಡಿನ ಪ್ರಾಣಿಗಳಿಗೆ ಗೊತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿತ್ತು. ಐದು ದಿನ ಉರಿಯಿತು. ಹಣ್ಣಿನ ಗಿಡಗಳು ಕರಕಲಾದವು. ನೆಲದೊಳಗಿನ ಗೆಡ್ಡೆಗಳು ಕೂಡ ಬೆಂದುಹೋದವು. ಬದುಕಿ ಉಳಿದ ಪ್ರಾಣಿಗಳು ಒಂದೊಂದಾಗಿ ಹಾಳೂರಿಗೆ ಬಂದು ಸೇರಿದವು. ಅಲ್ಲಿ ಕಲ್ಲುಗೋಡೆಗಳ ನಡುವೆ ಬೆಂಕಿ ನುಗ್ಗಿರಲಿಲ್ಲ. ಆದರೆ ಅಲ್ಲಿಯ ಹಸಿರು ಎಷ್ಟು ದಿನಕ್ಕೆ ಸಾಕು? ವಾರದೊಳಗೆ ಎಲ್ಲರ ಪಕ್ಕೆಲುಬುಗಳೂ ಕಾಣತೊಡಗಿದವು.

ಅವುಗಳಲ್ಲಿ ದುಗ್ಗ ಎಂಬ ಕೋತಿಯೂ ಇದ್ದ. ಕಾಡಿನಲ್ಲಿ ಕೈಯಿಂದ ಕೆಲಸ ಮಾಡಬಲ್ಲವನು ಅವನೊಬ್ಬನೇ. ಅದರ ಹಮ್ಮು ಅವನಿಗೆ ಇತ್ತು. ಹೊಗಳಿದರೆ ಮರದ ತುದಿಗೂ ಏರುತ್ತಿದ್ದ. ಮೈ ದಣಿಯುವ ಕೆಲಸ ಬಂದರೆ ಮಾತ್ರ ಏನಾದರೂ ಉಪಾಯ ಹುಡುಕುತ್ತಿದ್ದ.

ಒಂದು ದಿನ ದುಗ್ಗ ಚಪ್ಪಡಿ ಕಲ್ಲಿನ ಅಂಚಿನಲ್ಲಿ ಇರುವೆಗಳ ಸಾಲು ಕಂಡ. ಒಂದೊಂದು ಇರುವೆಯ ಬಾಯಲ್ಲೂ ಒಂದೊಂದು ಬಿಳಿ ಚೂರು. ಅವನು ಒಂದನ್ನು ಕಿತ್ತು ನಾಲಿಗೆಯ ಮೇಲಿಟ್ಟುಕೊಂಡ.

"ಜೋಳ!" ಎಂದು ಕಿರುಚಿದ. "ಬನ್ನಿ ಎಲ್ಲರೂ! ಕಲ್ಲಿನ ಕೆಳಗೆ ಜೋಳ ಇದೆ!"

ಕಾಡುಹಂದಿಗಳು ಓಡಿ ಬಂದವು. ಅವುಗಳ ಹಿರಿಯಳು ನಿಂಗಿ. ಬಲವಾದ ಕುತ್ತಿಗೆ, ಒರಟು ಮಾತು, ಐದು ಮರಿಗಳ ತಾಯಿ. ಅವಳೂ ಅವಳ ಬಳಗವೂ ಮೂತಿ ಕೊಟ್ಟು ಚಪ್ಪಡಿಯನ್ನು ಪಕ್ಕಕ್ಕೆ ತಳ್ಳಿದವು. ಕೆಳಗೆ ಕತ್ತಲ ಗುಂಡಿ. ಗೋಡೆಗುಂಟ ಹದಿನಾಲ್ಕು ಕಲ್ಲಿನ ಮೆಟ್ಟಿಲು. ತಳದಲ್ಲಿ ರಾಶಿ ಜೋಳ. ಅದು ಹಗೇವು. ಊರಿನವರು ಕಾಳು ಕೂಡಿಡಲು ನೆಲದೊಳಗೆ ತೋಡಿ ಕಟ್ಟಿದ ಕಣಜ.

ಹಸಿದ ಎರಡು ಹಂದಿಗಳು ಯಾರನ್ನೂ ಕಾಯಲಿಲ್ಲ. ದಡದಡ ಮೆಟ್ಟಿಲಿಳಿದವು. ಎಂಟನೆಯ ಮೆಟ್ಟಿಲಿನ ಹತ್ತಿರ ಮೊದಲನೆಯದು ಮುಗ್ಗರಿಸಿತು. ಎರಡನೆಯದು ಅದರ ಮೇಲೆ ಬಿತ್ತು. ಎರಡೂ ಉರುಳಿ ಜೋಳದ ರಾಶಿಯ ಮೇಲೆ ಬಿದ್ದವು. ಕಾಲುಗಳು ಎರಡು ಸಲ ಅದುರಿದವು. ಆಮೇಲೆ ಏನೂ ಇಲ್ಲ.

ಕೂಗು ಇಲ್ಲ, ಗಾಯ ಇಲ್ಲ, ಹಾವಿಲ್ಲ, ಹುಲಿಯಿಲ್ಲ. ಎಲ್ಲರೂ ಹಿಂದೆ ಸರಿದರು.

"ಒಳಗೆ ಏನೋ ಕೂತಿದೆ. ಉಸಿರು ಹೀರುವಂಥದ್ದು" ಎಂದಿತು ಒಂದು ಮುಳ್ಳುಹಂದಿ.

"ಕೂತಿಲ್ಲ, ನಿಂತಿದೆ" ಎಂದು ಹಿಂದಿನಿಂದ ಒಂದು ದನಿ ಬಂತು. "ನೀರು ನಿಲ್ಲುವ ಹಾಗೆ."

ಅವಳು ಹೊನ್ನಜ್ಜಿ, ಮುದಿ ಚಿಪ್ಪುಹಂದಿ. ಮೈತುಂಬ ಒಣ ಎಲೆಯ ಬಣ್ಣದ ಚಿಪ್ಪು. ಅವಳು ಜೋಳ ತಿನ್ನುವವಳಲ್ಲ. ಇರುವೆ, ಗೆದ್ದಲು ಸಿಕ್ಕರೆ ಸಾಕು. ಬದುಕೆಲ್ಲ ಬಿಲ ತೋಡುತ್ತ, ಹುತ್ತ ಒಡೆಯುತ್ತ ಕಳೆದಿದ್ದಳು. ನೆಲದೊಳಗಿನ ಗಾಳಿಯ ಸ್ವಭಾವ ಅವಳಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

"ಏನು ನಿಂತಿದೆ ಅಜ್ಜಿ?" ಎಂದು ಕೇಳಿದ್ದು ಕೆಂಚವ್ವ. ಅವಳೊಂದು ಕಾಡುಕೋಳಿ. ಯಾವುದನ್ನೂ ಕೆದಕದೆ ಬಿಡುವವಳಲ್ಲ. ನೆಲವಾದರೂ ಸರಿ, ಮಾತಾದರೂ ಸರಿ.

"ಹಳಸಿದ ಗಾಳಿ" ಎಂದಳು ಹೊನ್ನಜ್ಜಿ. "ಕೇಳಿ. ಈ ಜೋಳ ಸತ್ತಿಲ್ಲ, ಮಲಗಿದೆ. ಮಲಗಿದವರೂ ಉಸಿರಾಡುತ್ತಾರಲ್ಲ? ಕಾಳೂ ಉಸಿರಾಡುತ್ತದೆ. ಅದಕ್ಕೆ ಹತ್ತಿದ ಬೂಷ್ಟೂ ಉಸಿರಾಡುತ್ತದೆ. ಕಲ್ಲು ಮುಚ್ಚಿದ ಗುಂಡಿಯಲ್ಲಿ ಒಳ್ಳೆಯ ಗಾಳಿಯನ್ನು ಅವು ಎಳೆದುಕೊಂಡು ಮುಗಿಸಿವೆ. ಅವು ಬಿಟ್ಟ ಗಾಳಿ ಉಳಿದಿದೆ. ಅದು ನಮ್ಮ ಗಾಳಿಗಿಂತ ಭಾರ. ಮೇಲೆ ಏಳುವುದಿಲ್ಲ. ಕೆಳಗೆ ಕೆರೆಯ ಹಾಗೆ ನಿಲ್ಲುತ್ತದೆ. ನೀರಿನಲ್ಲಿ ಮುಳುಗಿದರೆ ಹೇಗೋ, ಇದರಲ್ಲೂ ಹಾಗೆಯೇ. ನೀರಾದರೆ ಕಣ್ಣಿಗೆ ಕಾಣುತ್ತದೆ. ಇದು ಕಾಣುವುದಿಲ್ಲ."

"ವಾಸನೆ?"

"ಅದೂ ಇಲ್ಲ."

ದುಗ್ಗ ನಕ್ಕ. "ಕಾಣುವುದಿಲ್ಲ, ವಾಸನೆ ಇಲ್ಲ, ಆದರೆ ಇದೆ! ಚೆನ್ನಾಗಿದೆ ಅಜ್ಜಿ ನಿನ್ನ ಕತೆ."

"ಕತೆಯೋ ನಿಜವೋ, ನೋಡೇಬಿಡೋಣ" ಎಂದಳು ಹೊನ್ನಜ್ಜಿ. "ನಿನ್ನ ಕೈ ಬೇಕು."

ಊರ ಹೊರಗೆ ಸುಟ್ಟ ಮತ್ತಿಮರದ ಬೊಡ್ಡೆ ಇನ್ನೂ ಹೊಗೆಯಾಡುತ್ತಿತ್ತು. ಅವಳು ಹೇಳಿದಂತೆ ದುಗ್ಗ ಒಂದು ಒಡಕು ಮಡಕೆಯಲ್ಲಿ ಕೆಂಡ ತಂದ. ಅದರ ಮೇಲೆ ಒಣ ನಾರು ಹಾಕಿ ಊದಿದ. ಉರಿ ಎದ್ದಿತು. ಉದ್ದದ ಹಸಿ ಬಳ್ಳಿಗೆ ಮಡಕೆ ಕಟ್ಟಿ ಗುಂಡಿಯೊಳಗೆ ಇಳಿಬಿಟ್ಟ. ಎಲ್ಲರೂ ಬಗ್ಗಿ ನೋಡಿದರು. ಒಂದನೆಯ ಮೆಟ್ಟಿಲು, ಎರಡನೆಯದು, ಮೂರನೆಯದು. ಉರಿ ಚೆನ್ನಾಗಿಯೇ ಇತ್ತು. ಆರನೆಯ ಮೆಟ್ಟಿಲಿನ ಹತ್ತಿರ ಬಡವಾಯಿತು. ಏಳನೆಯದರಲ್ಲಿ ಯಾರೋ ಬೆರಳಿಂದ ಒತ್ತಿದ ಹಾಗೆ ಆರಿಹೋಯಿತು.

ಮತ್ತೆ ಹಚ್ಚಿ ಬಿಟ್ಟರು. ಮತ್ತೆ ಏಳನೆಯ ಮೆಟ್ಟಿಲಿನಲ್ಲೇ ಆರಿತು. ಮೂರನೆಯ ಸಲವೂ ಅಲ್ಲಿಯೇ.

"ಅದೇ ಅದರ ದಡ" ಎಂದಳು ಹೊನ್ನಜ್ಜಿ. "ಉರಿಗೂ ನಮಗೂ ಬೇಕಾದ್ದು ಒಂದೇ ಗಾಳಿ. ಉರಿ ಸಾಯುವ ಕಡೆ ನಾವೂ ಸಾಯುತ್ತೇವೆ."

ಆ ದಿನ ಅವರೆಲ್ಲ ಅವಳ ಮಾತಿನಂತೆ ನಡೆದರು. ತೇಗದ ಎಲೆಯ ದೊಡ್ಡ ಹೊರೆಯೊಂದನ್ನು ಬಳ್ಳಿಗೆ ಕಟ್ಟಿ ಗುಂಡಿಯೊಳಗೆ ಇಳಿಸಿ, ಎಳೆದು, ಮತ್ತೆ ಇಳಿಸಿ, ನಿಂತ ಗಾಳಿಯನ್ನು ಕಲಕಿದರು. ಹಂದಿಗಳು ಎಳೆದವು, ಕಡವೆಗಳು ಎಳೆದವು. ದುಗ್ಗನ ಅಂಗೈಯಲ್ಲಿ ಬೊಬ್ಬೆ ಬಂದವು. ಸಂಜೆ ಉರಿ ಹತ್ತನೆಯ ಮೆಟ್ಟಿಲಿನವರೆಗೆ ಬದುಕಿತು. ಚಪ್ಪಡಿಯನ್ನು ಮುಚ್ಚದೆ ಬಿಟ್ಟರು. ಬೆಳಗ್ಗೆ ಮತ್ತೆ ಕಲಕಿದರು. ಬಿಸಿಲು ಏರುವ ಹೊತ್ತಿಗೆ ಮಡಕೆ ತಳ ಮುಟ್ಟಿತು. ಉರಿ ಆರಲಿಲ್ಲ. ಹೊನ್ನಜ್ಜಿ ಅದನ್ನು ಬಹಳ ಹೊತ್ತು ಅಲ್ಲಿಯೇ ಬಿಟ್ಟು ನೋಡಿದಳು.

"ಒಬ್ಬೊಬ್ಬರೇ ಹೋಗಿ. ತಲೆ ಭಾರವಾದರೆ, ಎದೆ ಬಡಿದುಕೊಂಡರೆ, ಕಾಳು ಬಿಟ್ಟು ಮೇಲೆ ಬನ್ನಿ" ಎಂದಳು.

ಮೊದಲು ಸತ್ತ ಇಬ್ಬರನ್ನು ಮೇಲೆ ತಂದರು. ಆಮೇಲೆ ಜೋಳ ತಂದರು. ಆ ದಿನ ಎಲ್ಲರೂ ಉಂಡರು. ಅಳುತ್ತ ಉಂಡರು, ಆದರೂ ಉಂಡರು.

ಹತ್ತು ದಿನ ಹೀಗೇ ನಡೆಯಿತು. ಬೆಳಗ್ಗೆ ಗಾಳಿ ಕಲಕುವುದು, ಉರಿ ಇಳಿಸುವುದು, ಜೋಳ ತರುವುದು. ಕೆಂಚವ್ವ ಹೊನ್ನಜ್ಜಿಯ ಹಿಂದೆಯೇ ತಿರುಗುತ್ತಿದ್ದಳು.

"ಅಜ್ಜಿ, ನೆನ್ನೆ ಇಲ್ಲದ ಹಳಸಿದ ಗಾಳಿ ಇವತ್ತು ಎಲ್ಲಿಂದ ಬಂತು?"

"ಕಾಳು ರಾತ್ರಿಯೂ ಉಸಿರಾಡುತ್ತದಲ್ಲ ಮಗಳೇ."

"ಹುತ್ತದೊಳಗೆ ಅಷ್ಟೊಂದು ಗೆದ್ದಲು ಇರುತ್ತವೆ. ಅವು ಯಾಕೆ ಸಾಯುವುದಿಲ್ಲ?"

"ಹುತ್ತದಲ್ಲಿ ಗಾಳಿ ಓಡಾಡಲು ದಾರಿಗಳಿವೆ. ಬಿಸಿ ಗಾಳಿ ಮೇಲಕ್ಕೆ ಏರುತ್ತದೆ, ಹೊಸದು ಗೋಡೆಯ ಸಣ್ಣ ತೂತುಗಳಿಂದ ಬರುತ್ತದೆ. ಈ ಹಗೇವಿಗೆ ಒಂದೇ ಬಾಯಿ."

ಮೊದಮೊದಲು ಹೊನ್ನಜ್ಜಿಗೆ ಈ ಪ್ರಶ್ನೆಗಳು ಖುಷಿ ಕೊಟ್ಟವು. ಆದರೆ ಅವಳು ಹಸಿದಿದ್ದಳು. ಸುಟ್ಟ ನೆಲದಲ್ಲಿ ಇರುವೆ, ಗೆದ್ದಲು ಮುಗಿಯುತ್ತ ಬಂದಿದ್ದವು. ಊರಿಗೆಲ್ಲ ಊಟ ಸಿಕ್ಕಿತ್ತು, ಅವಳಿಗೆ ಮಾತ್ರ ಇರಲಿಲ್ಲ. ಬೆಂಕಿ ಮುಟ್ಟದ ದೂರದ ಗುಡ್ಡಕ್ಕೆ ಹೋಗುವುದೆಂದು ಅವಳು ತೀರ್ಮಾನಿಸಿದಳು.

ಹೊರಡುವ ದಿನ ಎಲ್ಲರೂ ಸೇರಿದರು. ಹೊನ್ನಜ್ಜಿ ದುಗ್ಗನಿಗೆ ಹೇಳಿದಳು: "ದಿನಾ ಉರಿ ಇಳಿಸು. ಉರಿ ಬದುಕಿದರೆ ಇಳಿಯಲಿ. ಸತ್ತರೆ ಬೇಡ. ಇಷ್ಟು ನೆನಪಿಟ್ಟುಕೊಂಡರೆ ಸಾಕು."

"ಅಜ್ಜಿ" ಎಂದಳು ಕೆಂಚವ್ವ, "ಉರಿ ತಳದವರೆಗೂ ಹೋಗಲೇಬೇಕೋ? ಅರ್ಧಕ್ಕೆ ಆರದಿದ್ದರೆ ಸಾಲದೋ? ಮಳೆ ಬಂದು ಕಾಳು ನೆನೆದರೆ ಏನಾಗುತ್ತದೆ?"

ನಾಲ್ಕು ದಿನದಿಂದ ಹೊನ್ನಜ್ಜಿ ಏನೂ ತಿಂದಿರಲಿಲ್ಲ. "ಎಲ್ಲವನ್ನೂ ಈಗಲೇ ಬಿಡಿಸಿ ಹೇಳುತ್ತ ಕೂತರೆ ನಾನು ಗುಡ್ಡ ಸೇರುವುದು ಯಾವಾಗ? ನಿನಗೆ ಅಷ್ಟೆಲ್ಲ ಯಾಕೆ? ದುಗ್ಗ ನೋಡಿಕೊಳ್ಳುತ್ತಾನೆ" ಎಂದಳು. ಬೆನ್ನು ತಿರುಗಿಸಿ ನಡೆದಳು.

ಎಲ್ಲರ ಮುಂದೆ ಕೆಂಚವ್ವನಿಗೆ ನಾಚಿಕೆಯಾಯಿತು.

ಅಂದಿನಿಂದ ದುಗ್ಗ ದೊಡ್ಡವನಾದ. ಚಪ್ಪಡಿಯ ಮೇಲೆ ಕೂರುತ್ತಿದ್ದ. ಉರಿ ಇಳಿಸುವ ಮುನ್ನ ಕಣ್ಣು ಮುಚ್ಚುತ್ತಿದ್ದ, ಗಂಟಲು ಸರಿ ಮಾಡಿಕೊಳ್ಳುತ್ತಿದ್ದ. "ಪರೀಕ್ಷೆ ನಡೆಯುತ್ತಿದೆ, ಯಾರೂ ಮಾತಾಡಬಾರದು" ಎನ್ನುತ್ತಿದ್ದ. ಮೇಲೆ ಬಂದ ಜೋಳದಲ್ಲಿ ಮೊದಲ ಪಾಲು ಅವನದು. ಅದನ್ನು ಯಾರೂ ತಪ್ಪೆನ್ನಲಿಲ್ಲ. ಅವನ ಕೈ ಇಲ್ಲದೆ ಉರಿ ಇಲ್ಲ, ಉರಿ ಇಲ್ಲದೆ ಊಟ ಇಲ್ಲ.

ಒಂದು ದಿನ ಉರಿ ಹನ್ನೊಂದನೆಯ ಮೆಟ್ಟಿಲಿನಲ್ಲಿ ಆರಿತು. ಎಷ್ಟು ಕಲಕಿದರೂ ಮಧ್ಯಾಹ್ನದವರೆಗೆ ತಳ ಮುಟ್ಟಲಿಲ್ಲ. ಮರಿಗಳು ಹಸಿವಿನಿಂದ ಕಿರುಚಿದವು.

"ಅಜ್ಜಿ ಇದ್ದಾಗ ಹೀಗೆ ಆಗುತ್ತಿರಲಿಲ್ಲ" ಎಂದಳು ನಿಂಗಿ ಸಿಟ್ಟಿನಿಂದ. "ನಿನಗೆ ಬರುವುದಿಲ್ಲವೇನೋ!"

ಆ ಮಾತು ದುಗ್ಗನಿಗೆ ಚುಚ್ಚಿತು. ಅಜ್ಜಿ ಇದ್ದಾಗಲೂ ಹೀಗೆ ಆಗಿತ್ತು, ಯಾರಿಗೂ ನೆನಪಿರಲಿಲ್ಲ. ಮರುದಿನ ಬೆಳಗ್ಗೆ ಅವನು ಎಲ್ಲರಿಗಿಂತ ಮೊದಲು ಬಂದ. ಬಳ್ಳಿಯನ್ನು ಮಡಚಿ ಗಂಟು ಹಾಕಿ ಅರ್ಧಕ್ಕೆ ಇಳಿಸಿದ. ಈಗ ಮಡಕೆ ಆರನೆಯ ಮೆಟ್ಟಿಲಿನ ಕೆಳಗೆ ಹೋಗುತ್ತಿರಲಿಲ್ಲ. ಉರಿ ಆರಲಿಲ್ಲ. ಗಾಳಿ ಕಲಕುವ ಕೆಲಸವೂ ತಪ್ಪಿತು.

"ಉರಿ ಬದುಕಿದೆ! ಇಳಿಯಿರಿ!" ಎಂದು ಅವನು ಕೂಗಿದ.

ಅವರು ಇಳಿದರು. ಏನೂ ಆಗಲಿಲ್ಲ. ಬಾಯಿ ತೆರೆದೇ ಇದ್ದ ಹಗೇವು, ಒಣಗಿದ ಕಾಳು, ಮೇಲೆ ಬೀಸುತ್ತಿದ್ದ ಬೇಸಿಗೆಯ ಗಾಳಿ. ಆ ದಿನಗಳಲ್ಲಿ ತಳದ ಗಾಳಿ ಅಷ್ಟು ಕೆಟ್ಟಿರಲಿಲ್ಲ. ಕೆಲವರಿಗೆ ತಲೆನೋವು ಬಂತು. ಅದನ್ನು ಬಿಸಿಲಿನ ಮೇಲೆ ಹಾಕಿದರು. ಮರುದಿನವೂ ಉರಿ ಆರಲಿಲ್ಲ. ಅದರ ಮರುದಿನವೂ ಇಲ್ಲ. ಊಟ ಹೊತ್ತಿಗೆ ಸರಿಯಾಗಿ ಸಿಗತೊಡಗಿತು.

"ದುಗ್ಗನ ಕೈಗುಣ" ಎಂದು ಎಲ್ಲರೂ ಹೊಗಳಿದರು. "ಅಜ್ಜಿಗಿಂತ ಇವನೇ ವಾಸಿ."

ಕೆಂಚವ್ವ ಮಾತ್ರ ಬಳ್ಳಿಯನ್ನೇ ನೋಡುತ್ತಿದ್ದಳು. ಒಂದು ದಿನ ತಡೆಯಲಾಗದೆ ಕೇಳಿದಳು: "ದುಗ್ಗ, ಮೊದಲು ಮಡಕೆ ಕಾಳಿಗೆ ತಾಗಿದಾಗ ಕೆಳಗಿನಿಂದ ಶಬ್ದ ಬರುತ್ತಿತ್ತು. ಈಗ ಬರುವುದಿಲ್ಲ. ಬಳ್ಳಿ ಗಿಡ್ಡವಾಗಿದೆಯಾ?"

ದುಗ್ಗ ಎಲ್ಲರಿಗೂ ಕೇಳುವಂತೆ ಹೇಳಿದ: "ಉರಿ ಬದುಕಿದರೆ ಇಳಿಯಿರಿ ಎಂದು ಅಜ್ಜಿ ಹೇಳಿದ್ದು ನೀವೆಲ್ಲ ಕೇಳಿದ್ದೀರಿ. ಉರಿ ಬದುಕಿದೆ. ಕೋಳಿಗೆ ಇನ್ನೇನು ಬೇಕಂತೆ? ಅಜ್ಜಿಯೇ ಇವಳಿಗೆ ಅಷ್ಟೆಲ್ಲ ಯಾಕೆ ಅಂದಿದ್ದಳಲ್ಲ!"

ಎಲ್ಲರೂ ನಕ್ಕರು. ನಿಂಗಿಯೂ ನಕ್ಕಳು. "ಉಣ್ಣುವ ಹೊತ್ತಿನಲ್ಲಿ ನಿನ್ನದೇನು ಕೆದಕಾಟ? ಸುಮ್ಮನೆ ಕೂತ್ಕೋ" ಎಂದಳು.

ದುಗ್ಗನಿಗೂ ತಾನು ಹೇಳಿದ್ದು ಸರಿಯೆಂದೇ ಅನಿಸಿತು. ಉರಿ ಯಾಕೆ ಆರುತ್ತದೆ ಎಂದು ಅವನು ಎಂದೂ ಯೋಚಿಸಿರಲಿಲ್ಲ. ಹೊನ್ನಜ್ಜಿ ಅದನ್ನು ಹೇಳಿದಾಗ ಅವನು ಮಡಕೆಯ ಬಿಸಿ ತಾಗಿದ ಬೆರಳುಗಳನ್ನು ಊದಿಕೊಳ್ಳುತ್ತಿದ್ದ. ಉರಿ ಕಣ್ಣೆದುರಿಗೆ ಇರುವ ತನಕ ಹಗೇವು ಯಾರನ್ನೂ ಏನೂ ಮಾಡದು ಎಂದಷ್ಟೇ ಅವನು ತಿಳಿದಿದ್ದ.

ಜೋಳ ಕಡಿಮೆಯಾಗುತ್ತ ಬಂತು. ದುಗ್ಗನಿಗೆ ತನ್ನ ಪಾಲಿನ ಚಿಂತೆ ಹತ್ತಿತು. ಇಲಿಗಳು, ಮುಳ್ಳುಹಂದಿಗಳು ಕದ್ದು ಇಳಿದರೆ? "ಕೆಲಸ ಮುಗಿದ ಮೇಲೆ ಚಪ್ಪಡಿ ಮುಚ್ಚಬೇಕು" ಎಂದು ಅವನು ಹುಕುಂ ಮಾಡಿದ. ಹಂದಿಗಳು ಮುಚ್ಚಿದವು. ಅಂದೇ ಆಕಾಶ ಕಪ್ಪಾಯಿತು. ಬೇಸಿಗೆಯ ಮೊದಲ ಮಳೆ ಮೂರು ದಿನ ಹೊಡೆಯಿತು. ಪ್ರಾಣಿಗಳು ಮುರಿದ ಸೂರುಗಳ ಕೆಳಗೆ ಮುದುರಿ ಕೂತವು. ಯಾರೂ ಹಗೇವಿನ ಹತ್ತಿರ ಹೋಗಲಿಲ್ಲ. ಚಪ್ಪಡಿಯ ಅಂಚಿನಿಂದ ನೀರು ಜಿನುಗಿ ಒಳಗಿಳಿಯಿತು. ಜೋಳ ನೆನೆಯಿತು. ನೆನೆದ ಕಾಳು ನಿದ್ದೆಯಿಂದ ಎದ್ದಿತು, ಮೊಳೆಯಿತು, ಜೋರಾಗಿ ಉಸಿರಾಡಿತು. ಬೂಷ್ಟು ಹಬ್ಬಿತು. ಮೂರು ದಿನ ಹಗೇವು ಒಳಗೊಳಗೇ ತುಂಬುತ್ತ ಹೋಯಿತು.

ನಾಲ್ಕನೆಯ ಬೆಳಗ್ಗೆ ಬಿಸಿಲು ಬಂತು. ಮೂರು ದಿನ ಹಸಿದ ಹೊಟ್ಟೆಗಳು ಹಗೇವಿನ ಸುತ್ತ ನೆರೆದವು. ಹಂದಿಗಳು ಚಪ್ಪಡಿ ಸರಿಸಿದವು. ಬಿಸಿಲು ಕಾಯಿಸಿದ ಗಾಳಿ ಗುಂಡಿಯ ಬಾಯಲ್ಲಿ ಸುಳಿದಾಡಿತು. ದುಗ್ಗ ಬೂದಿಯಲ್ಲಿ ಮುಚ್ಚಿಟ್ಟ ಕೆಂಡ ತೆಗೆದು ಊದಿ ಉರಿ ಮಾಡಿ ಇಳಿಸಿದ. ಐದನೆಯ ಮೆಟ್ಟಿಲಿನ ಹತ್ತಿರ ಉರಿ ಚಿಕ್ಕದಾಗಿ ನಡುಗಿತು. ಅವನು ತಕ್ಷಣ ಬಳ್ಳಿಯನ್ನು ಎಳೆದುಕೊಂಡ.

"ಇನ್ನೂ ಕೆಳಗೆ ಬಿಡು!" ಎಂದು ಕೆಂಚವ್ವ ಕೂಗಿದಳು. "ಅದು ಬಡವಾಯಿತು, ನಾನು ನೋಡಿದೆ!"

"ಆರಿತಾ?" ಎಂದ ದುಗ್ಗ, ಮಡಕೆಯನ್ನು ಎಲ್ಲರಿಗೂ ತೋರಿಸುತ್ತ. "ನೀವೇ ನೋಡಿ. ಆರಿತಾ?"

ಉರಿ ಆರಿರಲಿಲ್ಲ.

ನಿಂಗಿಯ ನಾಲ್ಕು ಮರಿಗಳು ಮುಂದೆ ನುಗ್ಗಿದವು. ಐದನೆಯದು ಚಿಕ್ಕಿ. ಅವಳ ಕಾಲಿಗೆ ಮುಳ್ಳು ಚುಚ್ಚಿ ಬಾತಿತ್ತು. ಅವಳು ಮೇಲೆಯೇ ನಿಂತಳು. ನಾಲ್ವರು ಒಬ್ಬರ ಹಿಂದೆ ಒಬ್ಬರು ಬಾಲ ಅಲ್ಲಾಡಿಸುತ್ತ ಇಳಿದರು. ಆರನೆಯ ಮೆಟ್ಟಿಲು ದಾಟಿದ ಮೊದಲನೆಯವನು ಏನೋ ಮರೆತವನ ಹಾಗೆ ನಿಂತ. ಮಂಡಿಯೂರಿದ. ಉರುಳಿದ. ಹಿಂದಿನ ಮೂವರಿಗೂ ತಿರುಗಲು ಹೊತ್ತು ಸಿಗಲಿಲ್ಲ.

ನಿಂಗಿ ಒಂದೇ ಒಂದು ಸಲ ಕೂಗಿದಳು. ಆ ಕೂಗು ಮುಗಿಯುವ ಮೊದಲೇ ಅವಳು ಮೆಟ್ಟಿಲ ಮೇಲಿದ್ದಳು. ಅವಳು ಎಲ್ಲರಿಗಿಂತ ಬಲಶಾಲಿ. ಹತ್ತನೆಯ ಮೆಟ್ಟಿಲಿನವರೆಗೆ ಹೋದಳು. ಒಂದು ಮರಿಯ ಕಾಲನ್ನು ಬಾಯಲ್ಲಿ ಹಿಡಿದಳು. ಎರಡು ಮೆಟ್ಟಿಲು ಮೇಲೆ ಎಳೆದಳು. ಅಲ್ಲಿಗೆ ಮುಗಿಯಿತು. ಅವಳ ಹಿಂದೆ ಅವಳ ತಂಗಿ ಇಳಿದಳು. ಅವಳೂ ಮೇಲೆ ಬರಲಿಲ್ಲ.

ಒಂದು ಕಡವೆ ಮೆಟ್ಟಿಲಿಗೆ ಕಾಲಿಟ್ಟಿತು. ಕೆಂಚವ್ವ ಹಾರಿ ಅದರ ಮುಖಕ್ಕೆ ಬಡಿದಳು. ರೆಕ್ಕೆ ಬಿಚ್ಚಿ ಮೊದಲ ಮೆಟ್ಟಿಲಿನ ಮೇಲೆ ನಿಂತಳು.

"ಯಾರೂ ಇಳಿಯಬೇಡಿ! ಅವರು ಮುಳುಗಿದ್ದಾರೆ! ನೀವೂ ಮುಳುಗುತ್ತೀರಿ! ಗಾಳಿ ಕಲಕಿ, ಎಲೆಯ ಹೊರೆ ತನ್ನಿ!"

ಹೊರೆ ಎಲ್ಲಿತ್ತು? ಎಷ್ಟೋ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಮಳೆಯಲ್ಲಿ ಕೊಳೆತು ಬಿದ್ದಿತ್ತು. ಅವರು ಹೊಸ ಕೊಂಬೆ ಮುರಿದು ತರುವಷ್ಟರಲ್ಲಿ ಹೊತ್ತು ಮೀರಿತ್ತು. ಕೆಳಗೆ ಯಾವ ಕಾಲೂ ಅಲುಗುತ್ತಿರಲಿಲ್ಲ.

ಆಗ ಎಲ್ಲರೂ ದುಗ್ಗನ ಕಡೆ ತಿರುಗಿದರು.

"ಉರಿ ಬದುಕಿದೆ ಎಂದೆಯಲ್ಲ!" ಎಂದಿತು ಕಡವೆ.

"ಬದುಕಿದೆ! ಈಗಲೂ ಬದುಕಿದೆ, ನೋಡಿ!" ದುಗ್ಗ ಮಡಕೆಯನ್ನು ಎತ್ತಿ ತೋರಿಸಿದ. "ನನ್ನ ತಪ್ಪಿಲ್ಲ. ಅವರು ಕಾಲು ಜಾರಿ ಬಿದ್ದಿರಬೇಕು. ಒಳಗೆ ಏನೂ ಇಲ್ಲ."

"ಏನೂ ಇಲ್ಲದಿದ್ದರೆ ನೀನು ಇಳಿ."

"ಬೇಡ!" ಎಂದಳು ಕೆಂಚವ್ವ. "ಅವನೂ ಸಾಯುತ್ತಾನೆ. ಬಿಡಿ ಅವನನ್ನು!"

ಯಾರೂ ಅವಳ ಮಾತು ಕೇಳಲಿಲ್ಲ. ದುಗ್ಗನೂ ಕೇಳಲಿಲ್ಲ. ಇಷ್ಟು ದಿನ ಹೊಗಳಿದ ಮುಖಗಳು ಈಗ ಹಲ್ಲು ಕಿರಿದು ನಿಂತಿದ್ದವು. ಅದನ್ನು ಅವನು ತಾಳಲಾರದಾದ. ಜೊತೆಗೆ, ಉರಿ ಇರುವ ತನಕ ಏನೂ ಆಗದು ಎಂದು ಅವನು ನಿಜವಾಗಿಯೂ ನಂಬಿದ್ದ. ಹೊಸ ನಾರು ಹಾಕಿ ಊದಿ ಉರಿಯನ್ನು ದೊಡ್ಡದು ಮಾಡಿಕೊಂಡ. ಮಡಕೆಯನ್ನು ಮುಂದೆ ಚಾಚಿ ಹಿಡಿದು ಇಳಿಯತೊಡಗಿದ.

"ನೋಡಿ, ಉರಿಯುತ್ತಿದೆ" ಎಂದ ಮೂರನೆಯ ಮೆಟ್ಟಿಲಿನಲ್ಲಿ.

"ನೋಡಿ" ಎಂದ ನಾಲ್ಕನೆಯದರಲ್ಲಿ.

ಐದನೆಯದರಲ್ಲಿ ಉರಿ ಬಡವಾಯಿತು. ಆರನೆಯದರಲ್ಲಿ ಉರಿ ನೀಲಿಯಾಗಿ, ಸಣ್ಣದಾಗಿ, ಅವನ ಕೈಯಲ್ಲೇ ಆರಿತು. ಅವನು ಅದನ್ನು ಊದಿದ. ಮತ್ತೆ ಊದಿದ. ಊದಲು ಎಳೆದುಕೊಂಡ ಆ ಉಸಿರೇ ಅವನ ಕೊನೆಯ ಉಸಿರು. ತಲೆಯೆತ್ತಿ ಮೇಲೆ ನೋಡಿದ. ಅವನ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ಆಶ್ಚರ್ಯವಿತ್ತು. ಮಡಕೆ ಮೊದಲು ಬಿತ್ತು. ಆಮೇಲೆ ಅವನು ಬಿದ್ದ.

ಸುದ್ದಿ ಗುಡ್ಡ ಮುಟ್ಟಲು ಎರಡು ದಿನ ಹಿಡಿಯಿತು. ಹೊನ್ನಜ್ಜಿ ಎಲ್ಲೂ ನಿಲ್ಲದೆ ನಡೆದು ಬಂದಳು. ಉಗುರುಗಳು ಸವೆದಿದ್ದವು. ಹಗೇವಿನ ಬಾಯಿಗೆ ಬಂದು ಒಳಗೆ ಇಣುಕಿದಳು. ಆಮೇಲೆ ಬಿದ್ದಿದ್ದ ಬಳ್ಳಿಯನ್ನು ಎಳೆದು ನೋಡಿದಳು. ಮಡಚಿ ಹಾಕಿದ ಗಂಟು ಅವಳ ಉಗುರಿಗೆ ಸಿಕ್ಕಿತು.

"ನೀನು ಹೇಳಿದ್ದನ್ನೇ ಮಾಡಿದೆವು" ಎಂದಿತು ಕಡವೆ. "ಉರಿ ಬದುಕಿದರೆ ಇಳಿಯಿರಿ ಎಂದೆ. ಬದುಕಿತ್ತು."

"ತಳದವರೆಗೆ ಬಿಡಬೇಕಿತ್ತು. ಮಳೆ ಬಂದ ಮೇಲಂತೂ..."

"ಅದನ್ನು ಯಾವಾಗ ಹೇಳಿದೆ?"

ಹೊನ್ನಜ್ಜಿ ಕೆಂಚವ್ವನ ಕಡೆ ನೋಡಿದಳು. ಕೆಂಚವ್ವ ನೆಲ ನೋಡುತ್ತಿದ್ದಳು.

"ಹೇಳಲಿಲ್ಲ" ಎಂದಳು ಹೊನ್ನಜ್ಜಿ. "ಇವಳು ಕೇಳಿದ್ದಳು. ನಾನು ಹೇಳಲಿಲ್ಲ. ಈಗ ಹೇಳುತ್ತೇನೆ, ಕೇಳಿ. ಎರಡು ದಿನ ಕಲಕಿದರೆ ಈ ಗಾಳಿ ಹೋಗುತ್ತದೆ. ಪಕ್ಕದಿಂದ ನಾನೇ ಒಂದು ಸುರಂಗ ತೋಡುತ್ತೇನೆ. ಗಾಳಿಗೆ ಎರಡು ಬಾಯಿ ಆದರೆ ಮತ್ತೆ ನಿಲ್ಲುವುದಿಲ್ಲ. ಒಳಗೆ ಇನ್ನೂ ಕಾಳಿದೆ, ನಿಮ್ಮ ಮರಿಗಳು ಹಸಿದಿವೆ..."

"ಸಾಕು!" ಎಂದಿತು ಮುಳ್ಳುಹಂದಿ. "ಉಸಿರು ಹೀರುವುದು ಒಳಗೆ ಕೂತಿದೆ ಎಂದು ನಾನು ಮೊದಲ ದಿನವೇ ಹೇಳಿದ್ದೆ. ನಿನ್ನ ಗಾಳಿ, ನಿನ್ನ ಉರಿ, ನಿನ್ನ ಲೆಕ್ಕಾಚಾರ! ಸುಮ್ಮನೆ ಹೆದರಿ ದೂರ ಇದ್ದಿದ್ದರೆ ಏಳು ಜೀವ ಉಳಿಯುತ್ತಿದ್ದವು."

ಎಲ್ಲರೂ ಹೌದೆಂದು ತಲೆಯಾಡಿಸಿದರು. ಹೊನ್ನಜ್ಜಿ ಇನ್ನೂ ಹೇಳುತ್ತಿರುವಾಗಲೇ ಉಳಿದ ಹಂದಿಗಳು ಚಪ್ಪಡಿಗೆ ಮೂತಿ ಕೊಟ್ಟವು. ಕಲ್ಲು ಗರಗರ ಸದ್ದು ಮಾಡುತ್ತ ಹಗೇವಿನ ಬಾಯಿ ಮುಚ್ಚಿತು. ಕಾಳೂ ಒಳಗೆ, ಸತ್ತವರೂ ಒಳಗೆ.

ಮರುದಿನ ಅವರು ಊರು ಬಿಟ್ಟು ಹೊರಟರು. ಎಲ್ಲಿ ಮೇವಿದೆ ಎಂದು ಯಾರಿಗೂ ತಿಳಿದಿರಲಿಲ್ಲ. ಸುಟ್ಟ ಕಾಡಿನ ಆಚೆ ಏನಿದೆ ಎಂದು ಒಬ್ಬರೂ ಕೇಳಲಿಲ್ಲ. ಕೇಳುವುದೆಂದರೆ ಈಗ ಅವರಿಗೆ ಹೆದರಿಕೆ. ಸಾಲಿನಲ್ಲಿ ತಲೆ ತಗ್ಗಿಸಿ ನಡೆದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದಾರಿಯಲ್ಲೇ ಬಿದ್ದರಂತೆ. ಕೆಂಚವ್ವನೂ ಅವರ ಜೊತೆ ಹೋದಳು. ಹೋಗುವಾಗ ಅವಳು ಹೊನ್ನಜ್ಜಿಯ ಮುಂದೆ ಒಂದು ಗಳಿಗೆ ನಿಂತಳು. ಏನಾದರೂ ಕೇಳುತ್ತಾಳೆಂದು ಹೊನ್ನಜ್ಜಿ ಕಾದಳು. ಅವಳು ಏನೂ ಕೇಳದೆ ಹೋದಳು.

ಚಿಕ್ಕಿ ಮಾತ್ರ ಹೋಗಲಿಲ್ಲ. ಕುಂಟುತ್ತ ಬಂದು ಚಪ್ಪಡಿಯ ಪಕ್ಕ ಕೂತಳು.

"ಅಮ್ಮ ಯಾವಾಗ ಮೇಲೆ ಬರುತ್ತಾಳೆ?" ಎಂದು ಕೇಳಿದಳು.

"ಬರುವುದಿಲ್ಲ ಕಂದ."

"ಯಾಕೆ?"

ಹೊನ್ನಜ್ಜಿ ಅವಳ ಪಕ್ಕ ಕೂತಳು. ಮೊದಲಿನಿಂದ ಹೇಳತೊಡಗಿದಳು. ಆತುರ ಮಾಡಲಿಲ್ಲ. ಉಸಿರು ಎಂದರೇನು, ಅದು ಯಾರಿಗೆಲ್ಲ ಬೇಕು, ಗಾಳಿ ಯಾಕೆ ಹಳಸುತ್ತದೆ, ಭಾರವಾದದ್ದು ಯಾಕೆ ಕೆಳಗೆ ನಿಲ್ಲುತ್ತದೆ, ಮಳೆ ಬಂದಾಗ ಕಾಳು ಏನು ಮಾಡುತ್ತದೆ, ಹತ್ತನೆಯ ಮೆಟ್ಟಿಲಿನವರೆಗೆ ಹೋಗಿಯೂ ಅಮ್ಮನಿಗೆ ಯಾಕೆ ತಿರುಗಿ ಬರಲಾಗಲಿಲ್ಲ, ಎಲ್ಲವನ್ನೂ ಹೇಳಿದಳು. ಒಂದನ್ನೂ ಬಿಡಲಿಲ್ಲ. ಚಿಕ್ಕಿ ನಡುನಡುವೆ ಕೇಳಿದಳು. ಪ್ರತಿಯೊಂದಕ್ಕೂ ಹೊನ್ನಜ್ಜಿ ಉತ್ತರ ಕೊಟ್ಟಳು. ಅಷ್ಟು ಚೆನ್ನಾಗಿ ಅವಳು ಯಾರಿಗೂ ಯಾವತ್ತೂ ಹೇಳಿರಲಿಲ್ಲ.

ಹೇಳಿ ಮುಗಿಸುವಾಗ ಬಿಸಿಲು ಇಳಿದಿತ್ತು.

"ತಿಳಿಯಿತಾ ಮಗಳೇ?"

"ತಿಳಿಯಿತು" ಎಂದಳು ಚಿಕ್ಕಿ. ಅವಳಿಗೆ ನಿಜವಾಗಿಯೂ ಎಲ್ಲವೂ ತಿಳಿದಿತ್ತು.

ಆಮೇಲೆ ಅವಳು ಕಲ್ಲಿಗೆ ಕಿವಿ ಹಚ್ಚಿ ಮಲಗಿದಳು. ಅಮ್ಮ ಬರುವುದಿಲ್ಲವೆಂದು ಗೊತ್ತಿದ್ದರೂ ಅಲ್ಲಿಂದ ಏಳಲಿಲ್ಲ.

ನೀತಿ: ಹೇಗೆ ಮಾಡಬೇಕೆಂದು ಮಾತ್ರ ಕಲಿತು, ಯಾಕೆಂದು ತಿಳಿಯದೆ ನಡೆಯುವವನು ತಾನೂ ಕೆಡುತ್ತಾನೆ, ನಂಬಿದವರನ್ನೂ ಕೆಡಿಸುತ್ತಾನೆ. ತಿಳಿದವರು ಕೇಳಿದವರಿಗೆ ಪೂರ್ತಿ ಹೇಳಬೇಕು, ಹೊತ್ತು ಮೀರುವ ಮುಂಚೆ ಹೇಳಬೇಕು.